ಸತ್ತವನು ಮತ್ತೆ ಬಂದ, ಗಲ್ಲಾಪೆಟ್ಟಿಗೆ ತುಂಬಿದ!

ಮೊದಲ ಚಿತ್ರದ ಕೊನೇ ದೃಶ್ಯದಲ್ಲಿ ನಾಯಕ ಸತ್ತ. ನಾಯಕಿ ಮೈಮೇಲೆ ದೆವ್ವ ಹೊತ್ತುಕೊಂಡು ನಾಪತ್ತೆ. ಚಿತ್ರವೇನೋ ಸೂಪರ್ ಹಿಟ್. ಈಗ ಎರಡನೇ ಭಾಗ ಮಾಡಬೇಕು. ಯಾರನ್ನಿಟ್ಟುಕೊಂಡು ಮಾಡೋದು ಸ್ವಾಮೀ?

ನಮ್ಮ ಕಡೆ ಆಗಿದ್ದರೆ ಸತ್ತವನಿಗೊಬ್ಬ ಅವಳಿ ತಮ್ಮನನ್ನು ಹುಟ್ಟಿಸಿ, ಮೀಸೆ ಅಂಟಿಸಿ ಕಳಿಸಿಬಿಡುತ್ತಿದ್ದರು. ಹಾಲಿವುಡ್ಡಿನ ಪ್ಯಾರಾಮೌಂಟ್ ಸಂಸ್ಥೆಯವರು ಅದಕ್ಕಿಂತ ಸುಲಭದ ದಾರಿ ಹಿಡಿದರು. ಕ್ಯಾಲೆಂಡರನ್ನೇ ಎರಡು ತಿಂಗಳು ಹಿಂದಕ್ಕೆ ತಿರುಗಿಸಿದರು! ಸಾಯುವ ಮುಂಚಿನ ಕತೆ ಅಂದಮೇಲೆ ಸತ್ತವನು ಬದುಕೇ ಇರ್ತಾನಲ್ಲ. ಕತೆಯನ್ನು ಮುಂದಕ್ಕೆ ಎಳೆದರೆ ಸೀಕ್ವೆಲ್, ಹಿಂದಕ್ಕೆ ಎಳೆದರೆ ಪ್ರೀಕ್ವೆಲ್. ಹೀಗೆ ಹಿಂದಕ್ಕೆ ಎಳೆದ ಚಿತ್ರವೇ 2010ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ತೆರೆಕಂಡ 'ಪ್ಯಾರಾನಾರ್ಮಲ್ ಆಕ್ಟಿವಿಟಿ 2'.

ತಯಾರಿಕೆಗೆ ತಗುಲಿದ್ದು 30 ಲಕ್ಷ ಡಾಲರ್. ಲೋಕವೆಲ್ಲ ಸುತ್ತಿ ಬಾಚಿದ್ದು ಸುಮಾರು 17 ಕೋಟಿ 75 ಲಕ್ಷ ಡಾಲರ್. ಒಂದಕ್ಕೆ ಐವತ್ತೊಂಬತ್ತು! ಆದರೆ ಬಾಯಿ ಬಿಡೋ ಮುಂಚೆ ಸ್ವಲ್ಪ ತಾಳಿ. ಈ ಲೆಕ್ಕದಲ್ಲಿ ಒಂದು ದೆವ್ವ ಅಡಗಿ ಕೂತಿದೆ. ಅದನ್ನು ಆಮೇಲೆ ಹಿಡಿಯೋಣ.

ಹದಿನೈದು ಸಾವಿರದ ದೆವ್ವ

ಮೊದಲ ಚಿತ್ರದ ಜಾತಕ ಹೇಳದಿದ್ದರೆ ಎರಡನೆಯದರ ಲೆಕ್ಕ ತಲೆಗೆ ಹತ್ತೋದಿಲ್ಲ. ಓರೆನ್ ಪೆಲಿ ಎಂಬಾತ ಇಸ್ರೇಲಿನಲ್ಲಿ ಹುಟ್ಟಿ ಅಮೆರಿಕ ಸೇರಿದವನು. ವಿಡಿಯೋ ಗೇಮುಗಳಿಗೆ ಪ್ರೋಗ್ರಾಂ ಬರೆಯೋದು ಅವನ ಕಸುಬು. ಸಿನಿಮಾ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. 2006ರಲ್ಲಿ ಸ್ಯಾನ್ ಡಿಯಾಗೋದ ತನ್ನ ಸ್ವಂತ ಮನೆಯಲ್ಲೇ ಒಂದು ವಿಡಿಯೋ ಕ್ಯಾಮೆರಾ, ಹೆಸರಿಲ್ಲದ ಇಬ್ಬರು ಕಲಾವಿದರು, ಏಳು ದಿನದ ಶೂಟಿಂಗ್. ಖರ್ಚು ಹತ್ತಿರಹತ್ತಿರ 15 ಸಾವಿರ ಡಾಲರ್. ಸಂಕಲನವೂ ಮನೆಯ ಕಂಪ್ಯೂಟರಿನಲ್ಲೇ.

2007ರಲ್ಲಿ ಒಂದು ಹಾರರ್ ಚಿತ್ರೋತ್ಸವದಲ್ಲಿ ತೋರಿಸಿದ. ನಿರ್ಮಾಪಕ ಜೇಸನ್ ಬ್ಲಮ್ ಇದರ ಬೆನ್ನು ಹತ್ತಿ ಡ್ರೀಂವರ್ಕ್ಸ್ ಸಂಸ್ಥೆಯ ಬಾಗಿಲು ತಟ್ಟಿದ. ಅವರಿಗೆ ಕತೆ ಹಿಡಿಸಿತು, ಚಿತ್ರ ಹಿಡಿಸಲಿಲ್ಲ! ದೊಡ್ಡ ತಾರೆಯರನ್ನು ಹಾಕಿ, ದೊಡ್ಡ ದುಡ್ಡು ಸುರಿದು ಇದನ್ನೇ ಮತ್ತೊಮ್ಮೆ ತೆಗೆಯೋಣ ಅಂತ ಹೊರಟಿದ್ದರು. ಹಾಗಾಗಿದ್ದರೆ ಪೆಲಿಯ ಚಿತ್ರ ಡಿವಿಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಪರೀಕ್ಷಾ ಪ್ರದರ್ಶನದಲ್ಲಿ ಪ್ರೇಕ್ಷಕರು ಎದ್ದೆದ್ದು ಹೊರಗೆ ನಡೆದರು. ಚಿತ್ರ ಮುಗೀತು ಅಂದುಕೊಂಡರು ಸಂಸ್ಥೆಯವರು. ವಿಚಾರಿಸಿದರೆ, ಹೋದವರು ಬೇಸರದಿಂದ ಹೋದವರಲ್ಲ, ಹೆದರಿ ಹೋದವರು! ಸ್ಪೀಲ್‌ಬರ್ಗ್ ಮಹಾಶಯ ಕ್ಲೈಮ್ಯಾಕ್ಸ್ ಬದಲಿಸಲು ಸಲಹೆ ಕೊಟ್ಟ. 2009ರ ಸೆಪ್ಟೆಂಬರಿನಲ್ಲಿ ಕೆಲವೇ ಕಾಲೇಜು ಊರುಗಳಲ್ಲಿ ಮಧ್ಯರಾತ್ರಿ ಆಟ ಹಾಕಿದರು. 'ನಿಮ್ಮೂರಿಗೂ ಬೇಕಾ? ಕೇಳಿ' ಅಂತ ಜನರನ್ನೇ ಕೆಣಕಿದರು. ಹತ್ತು ಲಕ್ಷ ಕೋರಿಕೆ ಬಂತು. ಕೊನೆಗೆ ವಸೂಲಾದದ್ದು 19 ಕೋಟಿ ಡಾಲರಿಗೂ ಮೇಲು.

ಇಷ್ಟಾದ ಮೇಲೆ ಯಾವ ಸಂಸ್ಥೆಯೂ ಸುಮ್ಮನೆ ಕೂರೋದಿಲ್ಲ. ಆದರೆ ಪ್ಯಾರಾಮೌಂಟಿನವರ ಕಣ್ಣೆದುರಿಗೆ ಒಂದು ಹೆಣ ಬಿದ್ದಿತ್ತು. 1999ರಲ್ಲಿ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಇದೇ ರೀತಿ ಚಿಲ್ಲರೆ ದುಡ್ಡಿನಲ್ಲಿ ತಯಾರಾಗಿ 24 ಕೋಟಿ ಡಾಲರಿಗೂ ಹೆಚ್ಚು ಗಳಿಸಿತ್ತು. ಮರುವರ್ಷವೇ ಅವಸರವಸರವಾಗಿ ಎರಡನೇ ಭಾಗ ಬಂತು. ಖರ್ಚು ಒಂದೂವರೆ ಕೋಟಿ. ಅಲುಗಾಡುವ ಕೈ ಕ್ಯಾಮೆರಾ ಬಿಟ್ಟು ಎಲ್ಲ ಚಿತ್ರಗಳ ಹಾಗೆ ಚಂದಗೆ ತೆಗೆದರು. ಪ್ರೇಕ್ಷಕನಿಗೆ ಬೇಕಾಗಿದ್ದು ಆ ಅಂದಗೆಟ್ಟ ಕ್ಯಾಮೆರಾವೇ! ಐದು ಕೋಟಿಯೂ ಮುಟ್ಟದೆ ಮಕಾಡೆ ಮಲಗಿತು.

30 ಲಕ್ಷಕ್ಕೆ ಏನೇನು ಬಂತು?

15 ಸಾವಿರದಿಂದ 30 ಲಕ್ಷ ಅಂದರೆ ಇನ್ನೂರು ಪಟ್ಟು ನಿಜ. ಆದರೆ ಹಾಲಿವುಡ್ ಲೆಕ್ಕದಲ್ಲಿ 30 ಲಕ್ಷ ದೊಡ್ಡ ತಾರೆಯೊಬ್ಬನ ಸಂಭಾವನೆಗೂ ಸಾಲದು. ನಿರ್ದೇಶನಕ್ಕೆ ಟಾಡ್ ವಿಲಿಯಮ್ಸ್. ಹಳೇ ಜೋಡಿ ಕೇಟಿ ಫೆದರ್‌ಸ್ಟನ್, ಮೈಕಾ ಸ್ಲೋಟ್ ಮತ್ತೆ ಬಂದರು. ಕತೆ ಕೇಟಿಯ ತಂಗಿ ಮನೆಯಲ್ಲಿ: ಗಂಡ, ಹೆಂಡತಿ, ಗಂಡನ ಮೊದಲ ಹೆಂಡತಿಯ ಮಗಳು, ಒಂದು ಹಸುಗೂಸು, ಒಂದು ನಾಯಿ. ಮನೆಗೆ ಕಳ್ಳರು ನುಗ್ಗಿದರು ಅಂತ ಅಂದುಕೊಂಡು ಮೂಲೆಮೂಲೆಗೂ ಕಾವಲು ಕ್ಯಾಮೆರಾ ಹಾಕಿಸ್ತಾರೆ. ನಿರ್ಮಾಪಕನ ಜಾಣತನ ನೋಡಿ! ಕ್ಯಾಮೆರಾ ಗೋಡೆಗೆ ಅಂಟಿಕೊಂಡೇ ಇರುತ್ತೆ. ಕ್ರೇನ್ ಇಲ್ಲ, ಟ್ರಾಲಿ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಖಾಲಿ ಅಡುಗೆಮನೆಯನ್ನು ಸುಮ್ಮನೆ ತೋರಿಸ್ತಾನೆ... ತೋರಿಸ್ತಾನೆ... ಏನೂ ಆಗೋದಿಲ್ಲ. ಒಂದು ಹಗಲಿನಲ್ಲಿ ಮಾತ್ರ ಅಷ್ಟೂ ಕಪಾಟಿನ ಬಾಗಿಲು ಧಡಾರನೆ ಒಟ್ಟಿಗೇ ತೆರೆದುಕೊಳ್ತವೆ. ಪ್ರೇಕ್ಷಕ ಕುರ್ಚಿಯಿಂದ ಒಂದಡಿ ಮೇಲೆ! ಆ ಒಂದು ಹೊಡೆತಕ್ಕೆ ಬೇಕಾಗಿದ್ದು ಹತ್ತಾರು ಕಪಾಟು, ಒಂದಿಷ್ಟು ಸದ್ದು.

ಈ ಚಿತ್ರ ಹುಟ್ಟುವ ಮುಂಚೆ ಒಂದು ತಮಾಷೆಯ ಜಗಳವೂ ನಡೀತು. ನಿರ್ದೇಶನಕ್ಕೆ ಮೊದಲು ಗೊತ್ತು ಮಾಡಿದ್ದು ಕೆವಿನ್ ಗ್ರೂಟರ್ಟ್‌ನನ್ನು. ಅವನು 'ಸಾ' ಸರಣಿಯ ಆರನೇ ಚಿತ್ರ ನಿರ್ದೇಶಿಸಿದವನು. 2009ರ ಅಕ್ಟೋಬರಿನಲ್ಲಿ ಅವನ ಆ ಚಿತ್ರಕ್ಕೆ ಮಣ್ಣು ಮುಕ್ಕಿಸಿದ್ದೇ ಪೆಲಿಯ ದೆವ್ವ. ಸೋತವನನ್ನೇ ಕರೆದು ಮಣೆ ಹಾಕಿದರು! 'ಸಾ' ಕಂಪನಿಯವರು ಬಿಡ್ತಾರಾ? ಕರಾರು ಪತ್ರ ತೆಗೆದು ತೋರಿಸಿ, ಕೈ ಹಿಡಿದು ಎಳೆದುಕೊಂಡು ಹೋಗಿ ತಮ್ಮ ಏಳನೇ ಚಿತ್ರ 'ಸಾ 3ಡಿ'ಗೆ ಕೂರಿಸಿದರು. ಅದಕ್ಕೆ ಹತ್ತಿರಹತ್ತಿರ 2 ಕೋಟಿ ಡಾಲರ್ ಖರ್ಚಾಯ್ತು. 'ಪ್ಯಾರಾನಾರ್ಮಲ್ 2' ಬಂದ ಮರುವಾರವೇ ತೆರೆಕಂಡು ಗಳಿಸಿದ್ದು ಹದಿಮೂರೂವರೆ ಕೋಟಿ. ಕನ್ನಡಕ ಹಾಕಿಕೊಂಡು ನೋಡುವ ದುಬಾರಿ ಟಿಕೆಟ್ಟೂ ಸೇರಿ! ಆರೇಳು ಪಟ್ಟು ಖರ್ಚು, ವಸೂಲಿ ಮಾತ್ರ ಕಮ್ಮಿ.

ಗ್ರಾಸ್ ಬೇರೆ, ಜೇಬು ಬೇರೆ

ಈಗ ಆ ಅಡಗಿದ ದೆವ್ವಕ್ಕೆ ಬರೋಣ. ಪೋಸ್ಟರಿನಲ್ಲಿ ಇಷ್ಟು ಕೋಟಿ ಅಂತ ಹಾಕ್ತಾರಲ್ಲ, ಅದು ಗ್ರಾಸ್. ಅಂದರೆ ಟಿಕೆಟ್ ಕಿಂಡಿಯಲ್ಲಿ ಬಿದ್ದ ಒಟ್ಟು ಹಣ. ನಿರ್ಮಾಪಕನ ಜೇಬಿಗೆ ಬಿದ್ದದ್ದಲ್ಲ. ಥಿಯೇಟರಿನವರು ಅದರಲ್ಲಿ ಸರಿಸುಮಾರು ಅರ್ಧ ಇಟ್ಟುಕೊಳ್ತಾರೆ. ಹೊರದೇಶಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಹೋಗುತ್ತೆ. ಗಾಂಧಿನಗರದ ವಿತರಕರು 'ಶೇರು' ಅಂತಾರಲ್ಲ, ಉಳಿಯೋದು ಅದು. ಹಾಗೆ ಹಿಡಿದರೆ ಹದಿನೇಳೂ ಮುಕ್ಕಾಲು ಕೋಟಿ ಹೋಗಿ ಎಂಟು ಕೋಟಿಯ ಆಸುಪಾಸಿಗೆ ಬಂದು ನಿಲ್ಲುತ್ತೆ.

ಆಮೇಲೆ ಪ್ರಚಾರ. ಅಮೆರಿಕದಲ್ಲಿ ಮೂರು ಸಾವಿರ ಥಿಯೇಟರಿಗೆ ಒಂದೇ ದಿನ ಚಿತ್ರ ಬಿಡಬೇಕಾದರೆ ಟಿವಿ ಜಾಹೀರಾತಿಗೇ ಕೋಟಿಗಟ್ಟಲೆ ಸುರಿಯಬೇಕು. ಲೆಕ್ಕಕ್ಕೆ ಮೂರು ಕೋಟಿ ಅಂತ ಇಟ್ಟುಕೊಳ್ಳಿ (ಇದು ನಮ್ಮ ಅಂದಾಜು, ಸಂಸ್ಥೆಯವರು ಕೊಟ್ಟದ್ದಲ್ಲ). ಅಂದರೆ ಚಿತ್ರ ತೆಗೆಯೋ ಖರ್ಚಿಗಿಂತ ಅದರ ತಮಟೆ ಬಾರಿಸೋ ಖರ್ಚು ಹತ್ತು ಪಟ್ಟು! ಅಷ್ಟು ಕಳೆದರೂ ಉಳಿಯೋದು ನಾಲ್ಕೂವರೆ ಕೋಟಿಗೂ ಮೇಲು. ಡಿವಿಡಿ, ಟಿವಿ ಹಕ್ಕಿನ ದುಡ್ಡು ಬೇರೆ. ಇದೇ ಚಿತ್ರವನ್ನು ನಾಲ್ಕು ಕೋಟಿ ಸುರಿದು ತೆಗೆದಿದ್ದರೆ? ಪ್ರೇಕ್ಷಕ ಅಷ್ಟೇ, ಕಿರುಚಾಟ ಅಷ್ಟೇ, ಲಾಭ ಮಾತ್ರ ಕಾಫಿ ಕುಡಿಯೋಕೆ! ಐವತ್ತೊಂಬತ್ತು ಪಟ್ಟಿನ ಪವಾಡದಲ್ಲಿ ದೆವ್ವದ ಪಾಲಿಗಿಂತ ಈ ಜಿಪುಣತನದ ಪಾಲೇ ದೊಡ್ಡದು.

ಜೇಸನ್ ಬ್ಲಮ್ ಆಮೇಲೆ ಇದನ್ನೇ ಕಸುಬು ಮಾಡಿಕೊಂಡ. ಕಲಾವಿದರಿಗೂ ನಿರ್ದೇಶಕರಿಗೂ ಕೈಗೆ ಕೊಡೋದು ಕಮ್ಮಿ. ಚಿತ್ರ ಓಡಿದರೆ ಲಾಭದಲ್ಲಿ ಪಾಲು, ಓಡದಿದ್ದರೆ ನಮಸ್ಕಾರ. ಚಿತ್ರ ಚೆನ್ನಾಗಿಲ್ಲ ಅನಿಸಿದರೆ ಪ್ರಚಾರದ ದುಡ್ಡನ್ನೇ ಹಾಕದೆ ನೇರ ವಿಡಿಯೋಗೆ ತಳ್ಳಿಬಿಡಬಹುದು. ಚಿಕ್ಕ ಚಿತ್ರಕ್ಕೆ ಮಾತ್ರ ಇರೋ ಸೌಲಭ್ಯ ಇದು. ಆದರೆ ಪಾಲು ಬರೋತನಕ ಮನೆ ಬಾಡಿಗೆ ಕಟ್ಟಬೇಕಾದವನು ಕಲಾವಿದನೇ ಅನ್ನೋದೂ ನಿಜ.

ಇನ್ನೊಂದು ಲೆಕ್ಕ ನೋಡಿ. ಅಮೆರಿಕ, ಕೆನಡಾ ಸೇರಿ ಬಂದ ಎಂಟೂವರೆ ಕೋಟಿಯಲ್ಲಿ 4 ಕೋಟಿ 7 ಲಕ್ಷ ಮೊದಲ ಮೂರೇ ದಿನದ್ದು! ಮರುವಾರದ ಮೂರು ದಿನಕ್ಕೆ ಬಂದದ್ದು ಒಂದೂ ಮುಕ್ಕಾಲು ಕೋಟಿಗಿಂತ ಕಮ್ಮಿ. ಹಾರರ್ ಚಿತ್ರಕ್ಕೆ ನೂರು ದಿನದ ಆಯಸ್ಸಿಲ್ಲ. ಹುಡುಗರು ಗುಂಪು ಕಟ್ಟಿಕೊಂಡು ಮೊದಲ ದಿನವೇ ನುಗ್ಗಬೇಕು. ದೆವ್ವ ಎಲ್ಲಿಂದ ಬರುತ್ತೆ ಅಂತ ಪಕ್ಕದವನು ಹೇಳಿಬಿಟ್ಟರೆ ಯಾರು ನೋಡ್ತಾರೆ? ಅದಕ್ಕೇ ಅಕ್ಟೋಬರ್ ಕೊನೆ, ಅಲ್ಲಿನವರ ಹ್ಯಾಲೋವೀನ್ ಹಬ್ಬದ ಹೊತ್ತು.

ಟೇಬಲ್ ಫ್ಯಾನಿನ ಕರಾಮತ್ತು

ರುಚಿ ಹತ್ತಿತು. 2011ರಲ್ಲಿ ಮೂರನೆಯದು. ಕ್ಯಾಲೆಂಡರ್ ಈ ಸಲ 1988ಕ್ಕೆ ಓಡಿತು, ಅಕ್ಕತಂಗಿಯರು ಪುಟ್ಟ ಹುಡುಗಿಯರು. ಖರ್ಚು 50 ಲಕ್ಷ. ಇದರಲ್ಲೊಂದು ಉಪಾಯ ಇದೆ, ನನ್ನ ಮಟ್ಟಿಗೆ ಇಡೀ ಸರಣಿಯಲ್ಲೇ ಶ್ರೇಷ್ಠ. ಮನೆಯ ಯಜಮಾನ ಅತ್ತಿತ್ತ ತಿರುಗೋ ಫ್ಯಾನೊಂದರ ಬುಡ ಬಿಚ್ಚಿ ಅದರ ಮೇಲೆ ವಿಡಿಯೋ ಕ್ಯಾಮೆರಾ ಕೂರಿಸ್ತಾನೆ. ಕ್ಯಾಮೆರಾ ನಿಧಾನವಾಗಿ ಅಡುಗೆಮನೆ ಕಡೆ ತಿರುಗುತ್ತೆ, ಮತ್ತೆ ಹಜಾರದ ಕಡೆ ಬರುತ್ತೆ. ಆ ಕಡೆ ತಿರುಗಿದಾಗ ಈ ಕಡೆ ಏನಾಗ್ತಿದೆಯೋ! ಬೇಗ ತಿರುಗೋ ಮಾರಾಯ ಅಂತ ಕೂಗಬೇಕು ಅನಿಸುತ್ತೆ. ಫ್ಯಾನಿಗೇನು ಗೊತ್ತು? ಅದು ತನ್ನ ಪಾಡಿಗೆ ತಿರುಗುತ್ತೆ. ಕೋಟಿ ಸುರಿದ ಗ್ರಾಫಿಕ್ಸ್ ಮಾಡಲಾಗದ್ದನ್ನು ಒಂದು ಹಳೇ ಫ್ಯಾನು ಮಾಡಿತು! ಮೊದಲ ಮೂರು ದಿನಕ್ಕೆ 5 ಕೋಟಿ 26 ಲಕ್ಷ, ಅಲ್ಲಿವರೆಗಿನ ಅಕ್ಟೋಬರ್ ದಾಖಲೆ. ಒಟ್ಟು 20 ಕೋಟಿ ದಾಟಿತು. ಟ್ರೇಲರಿನಲ್ಲಿ ತೋರಿಸಿದ ಎಷ್ಟೋ ದೃಶ್ಯ ಚಿತ್ರದಲ್ಲೇ ಇರಲಿಲ್ಲ ಅಂತ ಅಭಿಮಾನಿಗಳು ಗೊಣಗಿದ್ದೂ ಉಂಟು. ಕೊಟ್ಟ ದುಡ್ಡಿಗೆ ಅದು ಮೋಸವೇ.

ಆಮೇಲೆ ಇಳಿಜಾರು. 2012ರ ನಾಲ್ಕನೆಯದಕ್ಕೆ 14 ಕೋಟಿ. 2014ರ 'ದಿ ಮಾರ್ಕ್ಡ್ ಒನ್ಸ್'ಗೆ 9 ಕೋಟಿ. ವಸೂಲಿ ಇಳೀತಾ ಇದ್ದರೂ 2015ರ 'ದಿ ಘೋಸ್ಟ್ ಡೈಮೆನ್ಷನ್'ಗೆ ಖರ್ಚನ್ನು ಒಂದು ಕೋಟಿಗೆ ಏರಿಸಿದರು. ಕಾಣದೇ ಹೆದರಿಸುತ್ತಿದ್ದ ದೆವ್ವವನ್ನು 3ಡಿಯಲ್ಲಿ ಕಣ್ಣೆದುರಿಗೇ ತಂದು ನಿಲ್ಲಿಸಿದರು. ಸಾಲದು ಅಂತ, ಚಿತ್ರ 300 ಥಿಯೇಟರಿಗಿಂತ ಕೆಳಗಿಳಿದ ಹದಿನೇಳೇ ದಿನಕ್ಕೆ ಮನೆಯಲ್ಲಿ ನೋಡುವಂತೆ ಮಾರುತ್ತೇವೆ ಅಂತ ಪ್ಯಾರಾಮೌಂಟ್ ಘೋಷಿಸಿತು. ಥಿಯೇಟರ್ ಮಾಲೀಕರಿಗೆ ರೇಗಿತು. ಒಪ್ಪಿದವರು ಕೆಲವರು, ಬಾಗಿಲು ಹಾಕಿದವರು ಬಹಳ. ಮೂರನೆಯದು ಮೂರು ಸಾವಿರಕ್ಕೂ ಹೆಚ್ಚು ಕಡೆ ಬಿಡುಗಡೆಯಾಗಿತ್ತು, ಇದಕ್ಕೆ ಸಿಕ್ಕಿದ್ದು ಅದರ ಅರ್ಧ. ಅಮೆರಿಕದಲ್ಲಿ ಎರಡು ಕೋಟಿಯೂ ಮುಟ್ಟಲಿಲ್ಲ. ಲೋಕವೆಲ್ಲ ಸೇರಿ ಎಂಟು ಕೋಟಿಯ ಒಳಗೆ ನಿಂತಿತು.

2021ರಲ್ಲಿ ಸರಣಿಯ ಮುಂದಿನ ಚಿತ್ರ 'ನೆಕ್ಸ್ಟ್ ಆಫ್ ಕಿನ್' ತಯಾರಾಯ್ತು. ಅದನ್ನು ಅಮೆರಿಕದ ಥಿಯೇಟರುಗಳಿಗೆ ಕಳಿಸುವ ಗೋಜಿಗೇ ಪ್ಯಾರಾಮೌಂಟ್ ಹೋಗಲಿಲ್ಲ. ತನ್ನದೇ ಸ್ಟ್ರೀಮಿಂಗ್ ಅಂಗಡಿಯಲ್ಲಿ ನೇರವಾಗಿ ಇಟ್ಟಿತು. ಅಲ್ಲಿ ಟಿಕೆಟ್ ಕಿಂಡಿಯೂ ಇಲ್ಲ, ಎಣಿಸೋಕೆ ಗ್ರಾಸೂ ಇಲ್ಲ.