ಲೆಕ್ಕ ಬಲ್ಲವರೂ ಬಾಳು ಬಲ್ಲವರೂ

ಬಡವರಿಗೆ ಕಿರುಸಾಲ ನೀಡುವ ಸಂಸ್ಥೆಗಳಲ್ಲಿ ಹಣ ಹೂಡುವವರಿಗೆ ಲೆಕ್ಕದ ಪರಿಣತಿಯೊಂದೇ ಸಾಕೆ? ಇದಕ್ಕೆ ಉತ್ತರವನ್ನು ನಾವು 2010ರ ಆಂಧ್ರಪ್ರದೇಶದಲ್ಲಿ ಕಾಣುತ್ತೇವೆ.

ಸೇವಾಸಂಸ್ಥೆಯಾಗಿ ಹುಟ್ಟಿ ಕಂಪನಿಯಾಗಿ ಬೆಳೆದಿದ್ದ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಆ ವರ್ಷದ ಆಗಸ್ಟ್‌ನಲ್ಲಿ ಶೇರುಪೇಟೆಯನ್ನು ಪ್ರವೇಶಿಸಿತು. ಸುಮಾರು 1,600 ಕೋಟಿ ರೂಪಾಯಿ ಹರಿದುಬಂದಿತು. ಆ ರಾಜ್ಯದಲ್ಲಿ ಆಗ ಒಂದೇ ಮನೆಗೆ ಹಲವು ಸಂಸ್ಥೆಗಳು ಸಾಲ ನೀಡಿದ್ದವು. ಒಂದನ್ನು ತೀರಿಸಲು ಇನ್ನೊಂದು ಸಾಲ. ಮರುಪಾವತಿಯ ಅಂಕಿಗಳು ಮಾತ್ರ ಸೊಗಸಾಗಿಯೇ ಇದ್ದವು! ಆತ್ಮಹತ್ಯೆಗಳ ವರದಿಗಳು ಬಂದಾಗ, ಅಕ್ಟೋಬರ್‌ನಲ್ಲಿ ಸರ್ಕಾರವು ಸುಗ್ರೀವಾಜ್ಞೆ ಹೊರಡಿಸಿತು, ವಸೂಲಿ ಕುಸಿಯಿತು.

ಕಂತುಗಳು ಕುಟುಂಬದ ಮಾಸಿಕ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ವಿಧಿಸಿತು. ಆದರೂ 2025ರಲ್ಲಿ, ಬಲವಂತದ ವಸೂಲಿಯನ್ನು ತಡೆಯಲು ನಮ್ಮ ಕರ್ನಾಟಕವೇ ಸುಗ್ರೀವಾಜ್ಞೆ ತರಬೇಕಾಯಿತು.

ತತ್ತ್ವಜ್ಞಾನಿಗಳು ಕೌಶಲವನ್ನೂ ವಿವೇಕವನ್ನೂ ಬೇರೆಬೇರೆಯಾಗಿ ಕಂಡರು. ಹಣವನ್ನು ಬೆಳೆಸುವ ಬಗೆಯನ್ನು ಕೌಶಲ ಬಲ್ಲದು. ಯಾರ ಬೆವರಿನಿಂದ, ಎಷ್ಟರವರೆಗೆ ಎಂದು ಕೇಳುವುದು ವಿವೇಕ. ಕೌಶಲವಿಲ್ಲದ ಕರುಣೆ ಸಂಸ್ಥೆಯನ್ನು ಮುಳುಗಿಸೀತು. ವಿವೇಕವಿಲ್ಲದ ಕೌಶಲ ಸಾಲಗಾರರನ್ನೇ ಮುಳುಗಿಸುತ್ತದೆ. ನಮ್ಮ ಉಳಿತಾಯವನ್ನು ಇಂತಹ ಕಡೆ ಹೂಡುವ ಮುನ್ನ, ಅದರ ಆಡಳಿತ ಮಂಡಳಿಯಲ್ಲಿ ಬಡವರ ಹೊಸ್ತಿಲು ತುಳಿದವರು ಎಷ್ಟು ಮಂದಿ ಇದ್ದಾರೆಂದು ವಿಚಾರಿಸೋಣ.