ಗುಪ್ತಚರ್ಯೆ: ಒಂದು ಸ್ನಾತಕೋತ್ತರ ವ್ಯಾಸಂಗ

ಲಂಡನ್ನಿನ ಕಿಂಗ್ಸ್ ಕಾಲೇಜಿನ ಯುದ್ಧಾಧ್ಯಯನ ವಿಭಾಗದಲ್ಲಿ ಗುಪ್ತಚರ್ಯೆ ಮತ್ತು ಅಂತಾರಾಷ್ಟ್ರೀಯ ಭದ್ರತೆಯನ್ನು ಸ್ನಾತಕೋತ್ತರ ವಿಷಯವಾಗಿ ಅಭ್ಯಸಿಸುವವರು, ತಮಗೆ ದೊರೆತ ವಾರ್ತೆಯನ್ನು ರಾಷ್ಟ್ರಗಳು ಹೇಗೆ ತೂಗಿ ನೋಡಿದವು, ಎಲ್ಲಿ ಎಡವಿದವು ಎಂಬುದನ್ನೇ ಮುಖ್ಯವಾಗಿ ಪರಿಶೀಲಿಸುತ್ತಾರೆ.

ಹೀಗೆ ಎಡವಿದ್ದಕ್ಕೆ ಒಂದು ನಿದರ್ಶನ ಇದು: 1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾಗಳು ಇಸ್ರೇಲಿನ ಮೇಲೆ ಏಕಕಾಲದಲ್ಲಿ ಆಕ್ರಮಣ ಮಾಡುವುದಕ್ಕೆ ಮುನ್ನ, ಸೂಯೆಜ್ ಕಾಲುವೆಯ ಆಚೆ ಸೈನ್ಯ ಜಮಾಯಿಸುತ್ತಿದ್ದುದು ಇಸ್ರೇಲಿನ ಸೇನಾ ಗುಪ್ತಚರರಿಗೆ ಕಾಣದಿರಲಿಲ್ಲ. ಆದರೆ ದೂರಗಾಮಿ ಬಾಂಬರ್ ವಿಮಾನಗಳು ಕೈಸೇರುವ ತನಕ ಈಜಿಪ್ಟ್ ಯುದ್ಧಕ್ಕಿಳಿಯದೆಂಬ ಅವರ ದೃಢನಂಬಿಕೆಯು, ಕಂಡುದೆಲ್ಲವನ್ನೂ ಬರಿಯ ಕವಾಯತೆಂದು ಬಗೆಯುವಂತೆ ಮಾಡಿತು. ಈ ವೈಫಲ್ಯದ ತನಿಖೆ ನಡೆಸಿದ ಇಸ್ರೇಲಿನ ಅಗ್ರಾನಾಟ್ ಆಯೋಗವು ಬಳಿಕ ಬೆರಳಿಟ್ಟು ತೋರಿಸಿದ್ದು ಈ ನಂಬಿಕೆಯನ್ನೇ.

ವಾರ್ತೆಯನ್ನು ತೂಗುವ ಬಗೆಯನ್ನು ನಮ್ಮ ಪ್ರಾಚೀನರೂ ಯೋಚಿಸಿದ್ದರು. ಮೂವರು ಚಾರರ ವಾರ್ತೆ ಒಂದಾದಾಗ ನಂಬಬೇಕೆಂದು ವಿಧಿಸುವ ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚಿಗೆ ತಂದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. ಈ ವಿದ್ಯೆಯನ್ನು ಅರಸಿ ಹೊರಡುವ ಕನ್ನಡದ ತರುಣರು ಆ ಗ್ರಂಥವನ್ನು ಓದಿಕೊಂಡೇ ಹೋಗಬೇಕು.