ನೋವು ನಿಂತಿತು, ಅಪಾಯ ನಿಂತಿತೇ?

ಎದೆನೋವೆಂದು ಆಸ್ಪತ್ರೆಗೆ ಸೇರಿಸಿದವರ ಮನೆಮಂದಿ ಮರುದಿನ ಬೆಳಿಗ್ಗೆ ಡಾಕ್ಟರನ್ನು ಕೇಳುವುದು ಹೆಚ್ಚಾಗಿ ಒಂದೇ ಮಾತು: ‘ನೋವು ಹೋಯ್ತಲ್ಲ ಸಾರ್, ಇನ್ನು ಮನೆಗೆ ಕರ್ಕೊಂಡು ಹೋಗಬಹುದಾ?’ ಆ ಆತುರ ಸಹಜ. ಆದರೆ ನೋವು ಹೋದದ್ದನ್ನೇ ಗುಣವಾದದ್ದೆಂದು ನಂಬಿದರೆ ಜೀವಕ್ಕೇ ಕುತ್ತು ತರುವ ಕಾಯಿಲೆಯೊಂದಿದೆ. ಅದು ಅಸ್ಥಿರ ಆಂಜೈನಾ.

ಮೆಟ್ಟಿಲು ಹತ್ತುವಾಗ ಬಂದು, ನಿಂತು ಸುಧಾರಿಸಿಕೊಂಡರೆ ಹೋಗುವ ನೋವು ಸ್ಥಿರ ಆಂಜೈನಾ. ಕೂತಲ್ಲೇ ಬರುವ, ದಿನೇದಿನೇ ಹೆಚ್ಚುವ, ಈಚೆಗಷ್ಟೇ ಶುರುವಾಗಿ ಜೋರಾದ ನೋವು ಅಸ್ಥಿರದ್ದು. ಹೃದಯದ ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟತೊಡಗಿರುತ್ತದೆ. ನಾಳ ಪೂರ್ತಿ ಮುಚ್ಚಿರುವುದಿಲ್ಲ. ಔಷಧದಿಂದಲೇ ಇದು ಹತೋಟಿಗೆ ಬರಬಹುದು, ಹೃದಯಾಘಾತಕ್ಕೂ ತಿರುಗಬಹುದು. ಯಾರಿಗೆ ಯಾವುದು ಎಂಬುದನ್ನು ಮೊದಲೇ ಹೇಳುವುದು ಹೇಗೆ?

ಔಷಧದ ಬಲವೇನೂ ಸಣ್ಣದಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1,266 ಪುರುಷರ ಮೇಲೆ ನಡೆದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ದಿನವೂ 324 ಮಿಲಿಗ್ರಾಂ ಆಸ್ಪಿರಿನ್ ಪಡೆದವರಲ್ಲಿ 12 ವಾರಗಳೊಳಗಿನ ಸಾವು ಅಥವಾ ಹೃದಯಾಘಾತ ಶೇ 10.1ರಿಂದ ಶೇ 5ಕ್ಕೆ ಇಳಿದಿತ್ತು. ಆಸ್ಪಿರಿನ್ ಕೊಟ್ಟರೂ ತಪ್ಪಿಸಲಾಗದ ಆ ಶೇ 5ರಲ್ಲಿ ಯಾರಿರುತ್ತಾರೆ ಎಂಬುದೇ ವೈದ್ಯರನ್ನು ಕಾಡುವ ಪ್ರಶ್ನೆ.

ಅದಕ್ಕೊಂದು ಸುಳಿವು ಸಿಕ್ಕಿದ್ದು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ. ಹೃದ್ರೋಗ ತಜ್ಞ ಹೈನ್ ವೆಲೆನ್ಸ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಸ್ಥಿರ ಆಂಜೈನಾದ 145 ರೋಗಿಗಳ ಇಸಿಜಿಗಳನ್ನು ಪರಿಶೀಲಿಸಿದರು. ಎದೆಗೆ ಅಂಟಿಸುವ ಲೀಡುಗಳಲ್ಲಿ ಎರಡು, ಮೂರನೆಯವು ಬರೆಯುವ ಗೆರೆಯಲ್ಲಿ, ಪ್ರತಿ ಬಡಿತದ ಕೊನೆಗೆ ದುಂಡಗೆ ಏಳಬೇಕಾದ ‘ಟಿ’ ಅಲೆ 26 ಜನರಲ್ಲಿ ತಲೆಕೆಳಗಾಗಿತ್ತು, ಇಲ್ಲವೇ ಅರ್ಧ ಏರಿ ಕೆಳಕ್ಕೆ ಮುಳುಗಿತ್ತು. ನೈಟ್ರೋಗ್ಲಿಸರಿನ್, ಬೀಟಾ ಬ್ಲಾಕರ್‌ಗಳಿಂದ ಇವರ ನೋವೇನೋ ತಗ್ಗಿತ್ತು. ಆದರೂ ಶಸ್ತ್ರಚಿಕಿತ್ಸೆ ಆಗದ 16 ಮಂದಿಯಲ್ಲಿ 12 ಮಂದಿಗೆ ಕೆಲವೇ ವಾರಗಳಲ್ಲಿ ಹೃದಯಾಘಾತವಾಯಿತು, ಅದೂ ಹೆಚ್ಚಿನವರಿಗೆ ಹೃದಯದ ಮುಂಭಾಗವನ್ನು ವ್ಯಾಪಕವಾಗಿ ಹಾಳುಗೆಡಹುವಂಥದ್ದು. ಎಡಭಾಗದ ದೊಡ್ಡ ರಕ್ತನಾಳದ ಬುಡದಲ್ಲೇ ಬ್ಲಾಕ್ ಇತ್ತು. ಈ ಗುರುತು ಕಾಣುವುದು ನೋವು ಇಲ್ಲದಿರುವಾಗ. ನೋವು ಮರುಕಳಿಸಿದಾಗ ಅಲೆ ಸರಿಯಿರುವಂತೆಯೇ ತೋರಬಹುದು. ಇಂಥವರನ್ನು ಟ್ರೆಡ್‌ಮಿಲ್ ಪರೀಕ್ಷೆಗೆ ಓಡಿಸುವುದು ಅಪಾಯಕಾರಿ. ಅವರಿಗೆ ಬೇಗನೆ ಆಂಜಿಯೋಗ್ರಾಂ ಆಗಬೇಕು.

ಎರಡನೆಯ ಸುಳಿವು ಇನ್ನೂ ವಿಚಿತ್ರ. 2000ದಲ್ಲಿ ಬಂದ, ಇಂಥ ರೋಗಿಗಳ ಅಪಾಯ ಅಳೆಯುವ ‘ಟಿಮಿ’ ಅಂಕಪಟ್ಟಿಯಲ್ಲಿ ಏಳು ಅಂಶಗಳಿವೆ. 65 ತುಂಬಿದ ವಯಸ್ಸು, ಒಂದೇ ದಿನದಲ್ಲಿ ಎರಡು ಸಲ ನೋವು, ಇಸಿಜಿಯಲ್ಲಿ ಏರುಪೇರು ಮುಂತಾದವು ಯಾರಿಗಾದರೂ ಹೊಳೆಯುತ್ತವೆ. ಆದರೆ ಹಿಂದಿನ ಏಳು ದಿನಗಳಲ್ಲಿ ಆಸ್ಪಿರಿನ್ ತೆಗೆದುಕೊಂಡಿದ್ದರೆ ಅದಕ್ಕೂ ಒಂದು ಅಂಕ! ಇದರರ್ಥ ಆಸ್ಪಿರಿನ್ ಕೆಟ್ಟದ್ದೆಂದಲ್ಲ. ಔಷಧದ ಕಾವಲಿದ್ದೂ ಕಾಯಿಲೆ ಕೆರಳಿದೆಯೆಂದರೆ ಅದು ಹಟಮಾರಿ ಕಾಯಿಲೆ ಎಂದು. ಅಂಕ ಸೊನ್ನೆ ಅಥವಾ ಒಂದಿದ್ದವರಲ್ಲಿ 14 ದಿನಗಳೊಳಗೆ ಸಾವು, ಹೃದಯಾಘಾತ ಇಲ್ಲವೇ ತುರ್ತಾಗಿ ಬ್ಲಾಕ್ ತೆಗೆಸಬೇಕಾದ ಸ್ಥಿತಿ ಬಂದದ್ದು ಶೇ 4.7 ಜನರಿಗೆ, ಆರು–ಏಳಿದ್ದವರಲ್ಲಿ ಶೇ 40.9 ಜನರಿಗೆ. ಹಾಗಾಗಿ ‘ದಿನಾ ಆಸ್ಪಿರಿನ್ ನುಂಗ್ತೀನಿ, ನನಗೇನಾಗುತ್ತೆ’ ಎಂಬ ಧೈರ್ಯ ಎದೆನೋವಿನ ದಿನ ಕೆಲಸಕ್ಕೆ ಬಾರದು. ಮಾತ್ರೆ ನುಂಗುತ್ತಿರುವ ಸಂಗತಿಯನ್ನು ಡಾಕ್ಟರಿಗೆ ಮೊದಲು ಹೇಳಬೇಕು.

ಟ್ರೋಪೋನಿನ್ ರಕ್ತಪರೀಕ್ಷೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ಹೇಳುತ್ತದೆ. ನೋವು ಶುರುವಾದ ಕೂಡಲೇ ಮಾಡಿದರೆ ಏನೂ ಕಾಣದಿರಬಹುದು, ಕೆಲವು ಗಂಟೆ ಬಿಟ್ಟು ಮತ್ತೆ ಮಾಡಬೇಕು. ನಾಲಿಗೆಯಡಿ ನೈಟ್ರೋಗ್ಲಿಸರಿನ್ ಮಾತ್ರೆ ಇಟ್ಟೊಡನೆ ನೋವು ಇಳಿದರೆ ಅದು ಹೃದಯದ್ದೇ, ಇಳಿಯದಿದ್ದರೆ ಗ್ಯಾಸ್ಟ್ರಿಕ್ ಎಂದು ಹಲವರು ನಂಬಿದ್ದಾರೆ. ಈ ನಂಬಿಕೆಗೆ ಆಧಾರವಿಲ್ಲ. 2003ರ ಅಮೆರಿಕದ ಅಧ್ಯಯನವೊಂದರಲ್ಲಿ ಹೃದಯದ ನೋವಿದ್ದವರಲ್ಲಿ ಶೇ 35 ಜನರಿಗೆ ನೈಟ್ರೋಗ್ಲಿಸರಿನ್ ಶಮನ ಕೊಟ್ಟರೆ, ನೋವು ಹೃದಯದ್ದಲ್ಲದವರಲ್ಲಿ ಶೇ 41 ಜನರಿಗೆ ಕೊಟ್ಟಿತ್ತು.

ಮನೆಯವರು ಮಾಡಬಹುದಾದ ಕೆಲಸವೂ ಇದೆ. ನೋವು ನಿಂತ ಮೇಲೆ ಇನ್ನೊಂದು ಇಸಿಜಿ ಆಯಿತೇ, ಟ್ರೋಪೋನಿನ್ ಎರಡನೇ ಸಲ ನೋಡಿದರೇ ಎಂದು ಸಂಕೋಚಪಡದೆ ಕೇಳಿ. ಹಳೆಯ ಇಸಿಜಿ ಇದ್ದರೆ ಜೊತೆಗೆ ಒಯ್ಯಿರಿ, ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ದಾಖಲೆಯಿಲ್ಲ. ಆ ನುಣುಪು ಕಾಗದದ ಮೇಲಿನ ಗೆರೆ ದಿನ ಕಳೆದಂತೆ ಮಾಸಿಹೋಗುತ್ತದೆ. ಈಗಲೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಒಂದು ಫೋಟೊ ಇಟ್ಟುಕೊಳ್ಳಿ.